ಅಲ್ ಕುಸೈಸ್‌ನಲ್ಲಿ ಹಿಮದ ಟಯರ್

ನಮ್ಮ ಹಾಲ್‌ನಲ್ಲಿ ನಾಲ್ಕು ಟಯರ್‌ಗಳಿವೆ. ಹಿಮದ ಮೇಲೆ ಓಡಲಿಕ್ಕೆಂದೇ ಮಾಡಿದ ಟಯರ್‌ಗಳು. ಹಾಲ್ ಇರುವುದು ದುಬೈಯ ಅಲ್ ಕುಸೈಸ್‌ನಲ್ಲಿ. ಇಲ್ಲಿ ಹಿಮ ಕಟ್ಟುವುದು ಫ್ರಿಜ್‌ನ ಮೇಲಿನ ಖಾನೆಯಲ್ಲಿ ಮಾತ್ರ, ಅದೂ ಮಗಳು ಬಾಗಿಲು ಸರಿಯಾಗಿ ಮುಚ್ಚದಿದ್ದರೆ. ಮೊದಲ ಸಲ ಬಂದವರು ಚಹಾದ ಲೋಟ ಇಡಲು ಹೋಗಿ, ಅವುಗಳ ಮೇಲೆ ಹಾಸಿದ ಕಸೂತಿ ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿ ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಗಂಡನ ಕಡೆ ಕೈ ತೋರಿಸುತ್ತೇನೆ.

ನನ್ನ ಗಂಡ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದ್ದ. ಈ ಏಕವಚನಕ್ಕೆ ಯಾರೂ ಹುಬ್ಬೇರಿಸಬೇಡಿ. ನಾವು ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು, ನಮ್ಮ ಭಾಷೆಯಲ್ಲಿ ದೇವರಿಗೂ ಏಕವಚನವೇ, ಗಂಡನಿಗೂ ಅದೇ. ನಾನು ಒಂದು ಕ್ಲಿನಿಕ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೊರಗೆ ಸಂಬಳಕ್ಕೆ ರಕ್ತ ತೆಗೆಯುತ್ತಾಳೆ, ಮನೆಯಲ್ಲಿ ಪುಕ್ಕಟೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಹೇಳಲಿ. ನನ್ನ ಸೂಜಿ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಟಯರ್‌ಗಳ ಕತೆ ಶುರುವಾದದ್ದು ಒಂದು ಕೇಕ್‌ನಿಂದ. ಕಾರ್ಖಾನೆಯಲ್ಲಿ ಒಬ್ಬರು ಸ್ಟೋರ್‌ಕೀಪರ್ ಇದ್ದರು, ಕಾಸರಗೋಡಿನವರು. ತಲೆ ತುಂಬ ಕರಿಕೂದಲಿದ್ದಾಗ ಬಂದವರು, ಕೂದಲು ಹಣ್ಣಾಗಿ ಉದುರಿ ತಲೆ ಮಿಂಚುವವರೆಗೂ ಅಲ್ಲೇ ಇದ್ದರು. ಒಂದು ದಿನ ಆಫೀಸಿಗೆ ಕರೆದು ಬಹಳ ಮರ್ಯಾದೆಯಿಂದ ಅವರನ್ನು ಕ್ಯಾನ್ಸಲ್ ಮಾಡಿದರು. ಇಲ್ಲಿ ನಾವು ಕ್ಯಾನ್ಸಲ್ ಎನ್ನುವುದು ಟಿಕೆಟ್ಟಿಗಲ್ಲ, ಮನುಷ್ಯನಿಗೆ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಡುವಿನೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ವಿಮಾನ ಹತ್ತಬೇಕು. ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಕೇಕ್ ಕತ್ತರಿಸಿದರಂತೆ. ಅದರ ಮೇಲೆ ಕ್ರೀಮಿನಲ್ಲಿ ‘ಗುಡ್ ಲಕ್’ ಎಂದು ಬರೆದಿತ್ತಂತೆ. ಗಂಡ ತನ್ನ ಪಾಲಿನ ತುಂಡನ್ನು ಟಿಶ್ಯೂವಿನಲ್ಲಿ ಸುತ್ತಿ ಮನೆಗೆ ತಂದ. ಅವನಿಗೆ ತಿನ್ನಲಾಗಲಿಲ್ಲ. ಮಗಳು ತಿಂದಳು.

“ನಾಳೆ ನನ್ನನ್ನೂ ಹೀಗೇ ಎಬ್ಬಿಸ್ತಾರೆ,” ಎಂದ. “ಯಾರೂ ‘ಏಳು’ ಅಂತ ಹೇಳದ ಕಡೆ ನನಗೊಂದು ಕುರ್ಚಿ ಬೇಕು. ಅಷ್ಟೇ.”

“ಊರಲ್ಲಿ ಫ್ಲ್ಯಾಟ್ ಉಂಟಲ್ಲ, ಕುರ್ಚಿಯೂ ಉಂಟು.”

“ಅಲ್ಲಿ ಕೂತ್ರೆ ಬಂದವರೆಲ್ಲ ಕೇಳೋದು ಒಂದೇ, ವಾಪಸ್ ಯಾವಾಗ ಅಂತ.”

“ಹಾಗಾದ್ರೆ ಇಲ್ಲಿ, ಈ ಮನೆಯಲ್ಲಿ?”

“ಇಲ್ಲಿ ನೀನು ಗುಡಿಸ್ಲಿಕ್ಕೆ ಎಬ್ಬಿಸ್ತೀ.”

ಎಬ್ಬಿಸುವುದು ನಿಜ. ಹೀಗೆ ನಮ್ಮ ಮನೆಗೆ ಕೆನಡಾ ಬಂತು.

ಗಲ್ಫಿನಲ್ಲಿ ವಯಸ್ಸು ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದೋ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ಕೆನಡಾ. ನನ್ನ ಗಂಡನಿಗೆ ಸಕ್ಕರೆ ಇಲ್ಲ, ನಾನೇ ನೋಡಿದ್ದೇನೆ. ಕೆಲಸ ಹೋದರೂ ಕಾಯಂ ಇರಲು ಬಿಡುವ ದೇಶವೆಂದು ಅಲ್ಲಿಗೆ ಅರ್ಜಿ ಹಾಕಿದ. ಇಂಗ್ಲಿಷ್ ಪರೀಕ್ಷೆಗೆಂದು ಬಚ್ಚಲಿನಲ್ಲಿ ನಿಂತು, ಯಾವತ್ತೂ ಹೋಗದ ಪಿಕ್‌ನಿಕ್ಕನ್ನು ಗಟ್ಟಿಯಾಗಿ ವರ್ಣಿಸಿದ. ಅಲ್ಲಿಯವರು ಓದಿಗಿಷ್ಟು, ಅನುಭವಕ್ಕಿಷ್ಟು, ವಯಸ್ಸಿಗಿಷ್ಟು ಎಂದು ಪಾಯಿಂಟ್ ಕೊಡುತ್ತಾರೆ, ಸಾಕಷ್ಟಾದರೆ ಕರೆಯುತ್ತಾರೆ. ನನಗೆ ಹೋಗುವ ಮನಸ್ಸಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಮನುಷ್ಯರ ರಕ್ತ ಎಲ್ಲ ಕಡೆ ಕೆಂಪೇ. ಆದರೆ ಕೆನಡಾದವರ ರಕ್ತ ತೆಗೆಯಲು ನಾನು ಹೊಸದಾಗಿ ಪರೀಕ್ಷೆ ಬರೆಯಬೇಕಂತೆ. ನನ್ನಿಂದಾಗದು ಎಂದೆ. “ಕರೆ ಬರಲಿ, ಆಮೇಲೆ ಜಗಳ ಮಾಡುವಾ,” ಎಂದ ಗಂಡ.

ಕರೆ ಬರುವ ಮೊದಲೇ ಟಯರ್‌ನ ಜಗಳ ಬಂತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದರೆ ಇದೇ. ಚಳಿಯ ದೇಶದಲ್ಲಿ ಕಾರಿಗೆ ಎಂಥ ಟಯರ್ ಹಾಕಬೇಕೆಂದು ಅವನು ಓದತೊಡಗಿದ. ಓದಿದ್ದನ್ನು ನನಗೆ ಊಟಕ್ಕೆ ಕೂತಾಗ ಬಡಿಸುತ್ತಿದ್ದ. ಆಲ್‌ಸೀಸನ್ ಟಯರ್ ವರ್ಷವಿಡೀ ನಡೆಯುತ್ತದೆ, ಎಲ್ಲ ಕಾಲಕ್ಕೂ ಪಾಸ್ ಮಾರ್ಕ್, ಯಾವುದರಲ್ಲೂ ಫಸ್ಟ್ ಕ್ಲಾಸ್ ಇಲ್ಲ. ವಿಂಟರ್ ಟಯರ್‌ನ ರಬ್ಬರ್ ಮೆದು, ಕೊರೆಯುವ ಚಳಿಯಲ್ಲೂ ಗಟ್ಟಿಯಾಗುವುದಿಲ್ಲ, ಹಿಮವನ್ನು ಹಿಡಿದು ನಡೆಯುತ್ತದೆ. ಆದರೆ ಬಿಸಿಲಿಗೆ ಬಂದರೆ ಬೇಗ ಸವೆದು ಹೋಗುತ್ತದೆ.

ಭಾನುವಾರ ಸಂಜೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ ನಮ್ಮ ಹಾಲ್‌ನಲ್ಲಿ ಇದರ ಚರ್ಚೆ. ಎದುರಿನ ಫ್ಲ್ಯಾಟ್‌ನ ಕಾಕ ಬರುತ್ತಿದ್ದರು. ಅವರು ಉಳ್ಳಾಲ ಕಡೆಯ ಬ್ಯಾರಿ ಮುಸ್ಲಿಮರು, ಕಾರಿನ ಸ್ಪೇರ್ ಪಾರ್ಟ್ಸ್ ವ್ಯಾಪಾರ. ಊರಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ ನನ್ನ ಗಂಡನನ್ನು ‘ಪೊರ್ಬುಗಳೇ’ ಎಂದೂ ನನ್ನನ್ನು ‘ಬಾಯಮ್ಮ’ ಎಂದೂ ಕರೆಯುತ್ತಾರೆ. ಕೆಳಗಿನ ಮಹಡಿಯಿಂದ ಉಡುಪಿಯ ಬ್ಯಾಂಕಿನವನೊಬ್ಬ ಬರುತ್ತಿದ್ದ. ಮೂವರಲ್ಲಿ ಒಬ್ಬರೂ ಹಿಮ ಕಂಡವರಲ್ಲ. ಬ್ಯಾಂಕಿನವ ಮಾತ್ರ ಇಲ್ಲಿನ ಮಾಲ್ ಒಂದರೊಳಗೆ ಮಾಡಿಟ್ಟ ಹಿಮದಲ್ಲಿ ಒಮ್ಮೆ ಜಾರಿ ಬಿದ್ದಿದ್ದ, ಆದ್ದರಿಂದ ಅವನ ಮಾತಿಗೆ ತೂಕ ಜಾಸ್ತಿ. ಹೊರಗೆ ಕಾರಿನ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುವ ಜೂನ್ ತಿಂಗಳು, ಒಳಗೆ ಈ ಮೂವರು ಹಿಮಗಾಳಿಯಲ್ಲಿ ಬ್ರೇಕ್ ಹಾಕುವುದು ಹೇಗೆಂದು ಕಿರುಚಾಡುತ್ತಿದ್ದರು. ಗಂಡ ಮತ್ತು ಬ್ಯಾಂಕಿನವ ವಿಂಟರ್ ಪಾರ್ಟಿ. ಕಾಕ ಆಲ್‌ಸೀಸನ್ ಪಾರ್ಟಿ.

“ವರ್ಷಕ್ಕೆ ಎರಡು ಸಲ ಟಯರ್ ಬದಲಿ ಮಾಡ್ಲಿಕ್ಕೆ ಕಾರಿಗೆ ಎಂತ ಮದುವೆಯಾ ಮಾರಾಯ್ರೆ?” ಎನ್ನುತ್ತಿದ್ದರು ಕಾಕ.

ನಾನು ಅಡುಗೆಮನೆಯಿಂದಲೇ ಕಾಕನ ಪಾರ್ಟಿ ಸೇರಿದೆ. ಆಲ್‌ಸೀಸನ್ ಟಯರ್ ಎಂದರೆ ಮನೆಯ ಸೊಸೆಯ ಹಾಗೆ, ಬಿಸಿಲಿಗೂ ಅವಳೇ, ಮಳೆಗೂ ಅವಳೇ, ಹೊಗಳಿಕೆ ಮಾತ್ರ ವರ್ಷಕ್ಕೊಮ್ಮೆ ಬಂದು ಹೋಗುವ ನಾದಿನಿಗೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಗಂಡನ ತಂಗಿ ಆಗ ಊರಿನಿಂದ ವಿಡಿಯೋ ಕಾಲ್‌ನಲ್ಲಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ಚರ್ಚೆ ಎನ್ನಬಹುದಿತ್ತು. ಆದರೆ ಶಾರ್ಜಾದ ಒಂದು ಹಳೇ ಕಾರುಗಳ ಯಾರ್ಡ್‌ಗೆ ಕೆನಡಾದಿಂದ ಒಂದು ಜಖಂ ಕಾರು ಬಂತು. ಅಲ್ಲಿ ಗುದ್ದಿಕೊಂಡ ಕಾರುಗಳು ಹಡಗಿನಲ್ಲಿ ಇಲ್ಲಿಗೆ ಬಂದು ಬಿಡಿಭಾಗವಾಗುವುದು ಹೊಸದೇನಲ್ಲ. ಈ ಕಾರಿನ ಮೂತಿ ಚಪ್ಪಟೆಯಾಗಿತ್ತು, ಟಯರ್‌ಗಳು ಮಾತ್ರ ಹೊಸತರ ಹಾಗಿದ್ದವು. ಪಕ್ಕೆಯ ಮೇಲೆ ಬೆಟ್ಟದ ಚಿತ್ರ, ಬೆಟ್ಟದೊಳಗೆ ಹಿಮದ ಹರಳು, ಅಂದರೆ ವಿಂಟರ್ ಟಯರ್‌ನ ಗುರುತು. ಇಲ್ಲಿ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಕಾಕ ತಮಾಷೆಗೆ ಅದರ ಫೋಟೋ ತೆಗೆದು ಗಂಡನಿಗೆ ಕಳಿಸಿದರು. ಕಾಕನಿಗೆ ಮನುಷ್ಯರ ಪರಿಚಯ ಇನ್ನೂ ಸಾಲದು. ಫೋಟೋ ಸಿಕ್ಕಿದ ಸಂಜೆಯೇ ನನ್ನ ಗಂಡ ನಾಲ್ಕನ್ನೂ ಲಿಫ್ಟ್‌ನಲ್ಲಿ ಏರಿಸಿಕೊಂಡು ಬಂದ.

ಇದು ಹುಚ್ಚು ಎಂದು ಬೇರೆಯವರಿಗೆ ಅನಿಸಬಹುದು. ಗಲ್ಫಿನವರಿಗೆ ಇದು ಅಭ್ಯಾಸ. ನಾವು ಎಲ್ಲಿಗೆ ಹೊರಟರೂ ಮೊದಲು ಪೆಟ್ಟಿಗೆ ತುಂಬುವುದು, ಆಮೇಲೆ ಟಿಕೆಟ್ ತೆಗೆಯುವುದು. ಊರಿಗೆ ಹಾಲಿನ ಪುಡಿ, ಕಂಬಳಿ, ನೋವಿನ ಮುಲಾಮು, ಬಾದಾಮಿ ಹೊತ್ತು ಹೊತ್ತು ನಮ್ಮ ಭುಜ ಒಂದು ಕಡೆ ವಾಲಿದೆ. ಈಗ ಅವೆಲ್ಲ ಊರಿನ ಅಂಗಡಿಯಲ್ಲೇ ಸಿಗುತ್ತವೆ, ಆದರೂ ಹೊರುತ್ತೇವೆ. ಇಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಅಲ್ಲಿಗೆ ಹೋಗಬೇಕು ಎನ್ನುವುದು ದೇವರು ಕೊಟ್ಟ ಹತ್ತರ ಮೇಲೆ ನಮ್ಮ ಹನ್ನೊಂದನೇ ಕಟ್ಟಳೆ. ಆ ಲೆಕ್ಕದಲ್ಲಿ ಅವನು ಕೆನಡಾದಿಂದ ಬಂದ ಟಯರನ್ನು ಕೆನಡಾಕ್ಕೆ ಕಾರ್ಗೋದಲ್ಲಿ ಕಳಿಸಲು ಹೊರಟಿದ್ದ.

“ಇದು ಅಲ್ಲಿಂದಲೇ ಬಂದದ್ದಲ್ವಾ?” ಎಂದೆ.

“ಒಳ್ಳೇದೇ ಆಯ್ತು. ದಾರಿ ಗೊತ್ತುಂಟು ಅದಕ್ಕೆ,” ಎಂದ.

ಬಾಲ್ಕನಿಯಲ್ಲಿಡು ಎಂದೆ. ಆಗದು, ಮೆದು ರಬ್ಬರ್, ಬಿಸಿಲಿಗೆ ಹಾಳಾಗುತ್ತದೆ, ತಂಪಾದ ಒಣ ಜಾಗ ಬೇಕು ಎಂದ. ನಮ್ಮ ಮನೆಯಲ್ಲಿ ತಂಪಾದ ಒಣ ಜಾಗ ಎಂದರೆ ಎಸಿಯ ನೇರ ಕೆಳಗೆ, ಹಾಲ್‌ನಲ್ಲಿ, ನಾನು ಕೂರುವ ಜಾಗ. ಅಲ್ಲಿ ಎರಡೆರಡನ್ನು ಒಂದರ ಮೇಲೊಂದು ಪೇರಿಸಿ ಅಕ್ಕಪಕ್ಕ ಇಟ್ಟ. ಅಂದಿನಿಂದ ಮನೆಯಲ್ಲಿ ಯಾರೂ ಇಲ್ಲದಿದ್ದರೂ ಎಸಿ ಓಡುತ್ತಿತ್ತು. ನಾವು ಮೂವರು ಡ್ಯೂಟಿಗೂ ಸ್ಕೂಲಿಗೂ ಹೋಗಿ ಬೆವರುವಾಗ ಟಯರ್‌ಗಳು ತಂಪಾಗಿ ಕೂತಿರುತ್ತಿದ್ದವು. ಅತ್ತೆಗೂ ನಾನು ಇಷ್ಟು ಸೇವೆ ಮಾಡಿಲ್ಲ.

ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಒಂದು ಗಾಜಿನ ಹಲಗೆ ತಂದು ಮೇಲಿಟ್ಟೆ, ಅದರ ಮೇಲೆ ಕಸೂತಿ ಬಟ್ಟೆ ಹಾಸಿದೆ. ಟೀಪಾಯ್ ಆಯಿತು. ಡಿಸೆಂಬರ್ ಬಂದಾಗ ಗೋದಲಿ ಕಟ್ಟಲು ಬೇರೆ ಜಾಗವಿರಲಿಲ್ಲ. ಯೇಸುಬಾಲನ ಕೊಟ್ಟಿಗೆ, ಕುರಿ, ದನ, ಒಂಟೆ ಸಮೇತ ಮೂವರು ರಾಜರು ಎಲ್ಲರೂ ಟಯರ್ ಏರಿದರು. ಕಾಕ ಬಂದು ಕ್ರಿಸ್ಮಸ್‌ನ ಕುಸ್ವಾರ್ ತಿಂಡಿ ತಿನ್ನುತ್ತಾ ನೋಡಿ, “ಈ ಒಂಟೆಗಳು ಇನ್ನು ಹಿಮದಲ್ಲಿ ಜಾರುವುದಿಲ್ಲ ಬಾಯಮ್ಮ,” ಎಂದರು. ಮಗಳಿಗೆ ಮಾತ್ರ ನಾಚಿಕೆ. ಸ್ನೇಹಿತೆಯರು ಬಂದರೆ, “ಡೋಂಟ್ ಆಸ್ಕ್, ಇಟ್ಸ್ ಮೈ ಡ್ಯಾಡ್ಸ್ ವಿಂಟರ್,” ಎನ್ನುತ್ತಿದ್ದಳು.

ಧೂಳು ಒರೆಸುವಾಗ ಒಂದು ದಿನ ಟಯರ್‌ನ ಪಕ್ಕೆಯ ನಾಲ್ಕಂಕಿ ಕಣ್ಣಿಗೆ ಬಿತ್ತು. ಯಾವ ವರ್ಷದ ಯಾವ ವಾರದಲ್ಲಿ ಹುಟ್ಟಿದ್ದೆಂದು ಅದರಲ್ಲಿರುತ್ತದೆ. ಇಲ್ಲಿ ವರ್ಷವರ್ಷ ಕಾರನ್ನು ಪಾಸಿಂಗ್ ತಪಾಸಣೆಗೆ ಒಯ್ದವರಿಗೆಲ್ಲ ಇದು ಗೊತ್ತು. ಟಯರ್ ಎಷ್ಟೇ ಹೊಸದಾಗಿ ಕಂಡರೂ ವಯಸ್ಸು ಮೀರಿದ್ದರೆ ಫೇಲ್. ಗಂಡನನ್ನು ಕರೆದು ತೋರಿಸಿದೆ.

“ಮುದಿ ಟಯರ್ ಮಾರಾಯ ಇದು.”

“ರಬ್ಬರ್‌ನ ಬಟನ್ ಒಂಚೂರೂ ಸವೆದಿಲ್ಲ, ನೋಡು.”

“ಸವೆಯದಿದ್ರೆ ಎಂತ, ವಯಸ್ಸು ಆಗಿದೆ.”

“ಅದು ಬಿಸಿಲಿನ ದೇಶದ ಲೆಕ್ಕ. ಚಳಿಯಲ್ಲಿದ್ದದ್ದು ಫ್ರಿಜ್‌ನಲ್ಲಿಟ್ಟ ಹಾಗೆ,” ಎಂದು ಬಟ್ಟೆ ಎಳೆದು ಮುಚ್ಚಿದ.

ಅಷ್ಟರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಮೊದಲೇ ಕೆನಡಾ ಸೇರಿದ್ದ ಅವನ ಗೆಳೆಯ ಫೋನ್ ಮಾಡಿ, ನಿನ್ನ ಟಯರ್ ದೊಡ್ಡ ಜೀಪಿನ ಅಳತೆಯದ್ದು, ಹೊಸದಾಗಿ ಬಂದವರು ಕೊಳ್ಳುವ ಸಣ್ಣ ಕಾರಿಗೆ ಕೂರುವುದಿಲ್ಲ ಎಂದ. ನನ್ನ ಗಂಡ, ಹಾಗಾದರೆ ದೊಡ್ಡ ಕಾರೇ ತೆಗೆಯುತ್ತೇನೆ ಎಂದ. ದಾರಿಯಲ್ಲಿ ಲಾಳ ಸಿಕ್ಕಿತೆಂದು ಕುದುರೆ ಕೊಳ್ಳುವವನನ್ನು ನಾನು ಗಾದೆಯಲ್ಲಿ ಮಾತ್ರ ಕೇಳಿದ್ದೆ, ಇವನ ಜೊತೆ ಸಂಸಾರ ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ.

ಕರೆ ಬರಲಿಲ್ಲ. ಅಲ್ಲಿಯವರು ಕರೆಯುವ ಪಾಯಿಂಟ್ ಮೇಲೇರುತ್ತಾ ಹೋಯಿತು. ಇವನ ಪಾಯಿಂಟ್ ಪ್ರತಿ ಹುಟ್ಟುಹಬ್ಬಕ್ಕೂ ಇಳಿಯುತ್ತಾ ಹೋಯಿತು. ಕೆಲಸದಲ್ಲಿ ಇವನಷ್ಟು ಗಟ್ಟಿ ಆಸಾಮಿ ಇಲ್ಲ. ನಿಂತ ಮೆಷಿನ್ನಿಗೆ ಕಿವಿ ಇಟ್ಟರೆ ಕಾಯಿಲೆ ಹೇಳುತ್ತಾನೆ. ಆದರೆ ವಯಸ್ಸಿನ ಕಾಲಂನಲ್ಲಿ ಅದನ್ನು ಬರೆಯಲು ಜಾಗವಿಲ್ಲ. ಕೊನೆಗೆ ಅರ್ಜಿಯ ಅವಧಿಯೇ ಮುಗಿಯಿತು. ಅವನು ಅದನ್ನು ಚಪಾತಿ ಹರಿಯುತ್ತಾ ಹೇಳಿದ. ನನಗೆ ಟಯರ್‌ನ ನಾಲ್ಕಂಕಿ ನೆನಪಾಯಿತು. ನಾಲಿಗೆಯ ತುದಿಗೆ ಬಂದದ್ದನ್ನು ಜೀವಮಾನದಲ್ಲಿ ಮೊದಲ ಸಲ ನುಂಗಿದೆ. ಹೋಗಲು ಮನಸ್ಸಿಲ್ಲದಿದ್ದವಳು ನಾನು, ಆದರೆ ಆ ದಿನ ಕೆನಡಾದವರ ಮೇಲೆ ನನಗೆ ಬಂದ ಸಿಟ್ಟು ಅವನಿಗೂ ಬಂದಿರಲಿಲ್ಲ. ನನ್ನ ಗಂಡನನ್ನು ಬೈಯಲು ಅವರು ಯಾರು? ಅದಕ್ಕೆ ನಾನಿಲ್ಲವೇ?

ಮುಂದಿನ ಬೇಸಿಗೆಯಲ್ಲಿ ಕೇಕ್ ಮತ್ತೆ ಬಂತು. ಕಾರ್ಖಾನೆಯ ಅರ್ಧ ಮೆಷಿನ್‌ಗಳನ್ನು ಮುಚ್ಚಿದರು, ಮೆಷಿನ್ ನೋಡಿಕೊಳ್ಳುವವರೂ ಅರ್ಧ ಸಾಕಾಯಿತು. ಈ ಸಲ ಅವನು ತುಂಡು ತರಲಿಲ್ಲ, ಅರ್ಧ ಕೇಕನ್ನು ಡಬ್ಬಿ ಸಮೇತ ತಂದ. ಅದನ್ನು ಟಯರ್‌ನ ಮೇಲಿಟ್ಟು, “ಖಲಾಸ್,” ಎಂದ. ಮಗಳು ಕೇಕ್ ನೋಡಿದಳು, ಅವನ ಮುಖ ನೋಡಿದಳು, ರೂಮಿಗೆ ಹೋದಳು. ಈ ಸಲ ಅವಳೂ ತಿನ್ನಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅವನು ಎದ್ದು ಕೇಕ್ ಕೆಳಗಿಟ್ಟ, ಬಟ್ಟೆ ಮಡಚಿದ, ಗಾಜು ತೆಗೆದು ಗೋಡೆಗೊರಗಿಸಿದ, ಮೇಲಿನ ಒಂದು ಟಯರ್ ಎತ್ತಿದ.

“ಎಂತ ಮಾಡ್ತಿದ್ದೀ?”

“ಕೆಳಗೆ ಕಸದ ಡಬ್ಬಿ ಹತ್ರ ಇಟ್ಟು ಬರ್ತೇನೆ. ನಾನು ಊರಿಗೆ ಹೋಗ್ತೇನೆ. ಮಗಳ ಪರೀಕ್ಷೆ ಮುಗಿಯುವವರೆಗೆ ನೀವಿಬ್ರು ಇಲ್ಲಿರಿ. ಇವಳನ್ನು ನನ್ನ ವೀಸಾದಿಂದ ನಿನ್ನ ಕ್ಲಿನಿಕ್ ವೀಸಾಕ್ಕೆ ಹಾಕು.” ಕಾರಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಬಂದದ್ದೆಂದು ಗೊತ್ತಾಗುತ್ತಿತ್ತು, ಪಿಕ್‌ನಿಕ್ಕಿನ ಹಾಗೆಯೇ.

“ಇವಳನ್ನು ಹಾಕುವಾಗ ನಿನ್ನನ್ನೂ ಹಾಕ್ತೇನೆ,” ಎಂದೆ. “ಟಯರ್ ಕೆಳಗಿಡು.”

ಅವನು ಕೆಳಗಿಡಲಿಲ್ಲ. ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗವಚಿ ನಿಂತ. “ಗಂಡಸು ಹೆಂಡತಿಯ ವೀಸಾದಲ್ಲಿ ಇರೋದಾ? ಇಗರ್ಜಿಯಲ್ಲಿ ಮುಖ ತೋರಿಸೋದು ಹೇಗೆ?”

“ಇಗರ್ಜಿಯಲ್ಲಿ ವೀಸಾ ಕೇಳ್ತಾರಾ? ನಿನ್ನ ಕ್ಯಾರೆಕ್ಟರ್‌ಗೆ ಅಲ್ಲಿ ಬಿಡೋದೇ ದೊಡ್ಡದು.”

ಬಾಗಿಲು ತೆರೆದೇ ಇತ್ತು. ನಮ್ಮ ಕೊಂಕಣಿಯ ಜಗಳ ಕಾಕನಿಗೆ ಅರ್ಥವಾಗದಿದ್ದರೂ ಸ್ವರ ಅರ್ಥವಾಗುತ್ತದೆ. ಬಂದು, ವಿಷಯ ಕೇಳಿ, ಗಂಡನ ಕೈಯಿಂದ ಟಯರ್ ಇಳಿಸಿಕೊಂಡರು.

“ಎಂತ ಪೊರ್ಬುಗಳೇ, ಇಷ್ಟು ವರ್ಷ ನೀವು ಯಾರ ಆರ್ಡರ್‌ನಲ್ಲಿ ಇದ್ದದ್ದು? ಈಗ ಕಾಗದದಲ್ಲಿ ಬರ್ತದೆ, ಅಷ್ಟೇ ಅಲ್ವಾ? ಯಲ್ಲಾ, ಬನ್ನಿ, ಕೇಕ್ ಕತ್ತರಿಸಿ.”

ಕೇಕ್ ಚೆನ್ನಾಗಿತ್ತು ಎನ್ನುವುದನ್ನು ಹೇಳಲೇಬೇಕು. ಮಗಳೂ ರೂಮಿನಿಂದ ಹೊರಗೆ ಬಂದಳು.

ವೀಸಾ ಅರ್ಜಿ ತುಂಬಿಸಿ ಕೊಡುವ ಟೈಪಿಂಗ್ ಸೆಂಟರ್‌ನಲ್ಲಿ ಕೂತಿದ್ದ ಹುಡುಗಿ ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿ ಸ್ಪಾನ್ಸರ್ ಯಾರು ಎಂದಳು. ನಾನು ಕೈ ಎತ್ತಿದೆ. ಅವಳು ಕೀಲಿಗಳನ್ನು ಒತ್ತುವಾಗ ಗಂಡ ಗೋಡೆಯ ಮೇಲಿದ್ದ ಗಡಿಯಾರವನ್ನೇ ನೋಡುತ್ತಿದ್ದ. ಮೆಡಿಕಲ್ ಟೆಸ್ಟ್‌ನಲ್ಲಿ ಬೇರೆ ಯಾರೋ ಅವನ ರಕ್ತ ತೆಗೆದರು, ಒಂದು ಸಲ ನರ ತಪ್ಪಿತು ಎಂದು ಹೊರಗೆ ಬಂದು ಹತ್ತಿ ಒತ್ತಿಕೊಂಡು ದೂರಿದ. ಅವನ ಬಲಗೈಯ ನರ ಸ್ವಲ್ಪ ಒಳಗಿದೆ, ಎಡಗೈ ಕೊಡಬೇಕಿತ್ತು. ಅದು ನನಗೊಬ್ಬಳಿಗೇ ಗೊತ್ತು.

ಅಬುಧಾಬಿಯಿಂದಲೂ ಆಚೆ, ದೂರದ ಮದೀನತ್ ಜಾಯೆದ್‌ನಲ್ಲಿ ಒಂದು ಕೆಲಸವಿದೆಯಂತೆ, ವಾರಕ್ಕೊಮ್ಮೆ ಮನೆಗೆ ಬರಬಹುದಂತೆ, ನೋಡುತ್ತಿದ್ದಾನೆ. ಸಿಗಬಹುದು, ಸಿಗದಿರಬಹುದು. ವೀಸಾದ ಸ್ಟಾಂಪು ಅದಕ್ಕೆ ಕಾಯಲಿಲ್ಲ. ಎಲ್ಲ ಮುಗಿದ ದಿನ ವಾಪಸ್ ಬರುವಾಗ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ಅವನು ಸ್ಟೇರಿಂಗ್ ಮೇಲೆ ಬೆರಳಾಡಿಸುತ್ತಾ, “ಇನ್ನು ನನ್ನನ್ನು ಕ್ಯಾನ್ಸಲ್ ಮಾಡೋದಿದ್ರೆ ನೀನೇ ಮಾಡ್ಬೇಕು,” ಎಂದ. ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು.

“ಹೌದು.”

“ಮಾಡ್ತೀಯಾ?”

ನನಗೆ ಅಳು ಬಂತು. ಬಂದ ಅಳುವನ್ನು ನಾನು ಯಾವಾಗಲೂ ಬೈಗುಳಕ್ಕೇ ಬಳಸುವುದು. “ಹಾಲ್‌ನ ಟಯರ್ ಮುಟ್ಟಿದ್ರೆ ಮಾಡ್ತೇನೆ,” ಎಂದೆ. “ಡಿಸೆಂಬರ್‌ನಲ್ಲಿ ಗೋದಲಿಯನ್ನು ನಿನ್ನ ತಲೆಯ ಮೇಲೆ ಇಡೋದಾ?”

ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು. ಮನೆಗೆ ಬಂದವನು ಶೂ ಬಿಚ್ಚಿ, ಎಸಿಯ ಕೆಳಗಿನ ಕುರ್ಚಿಯಲ್ಲಿ ಕೂತು, ಎರಡೂ ಕಾಲನ್ನು ಟಯರ್‌ನ ಮೇಲೆ ಚಾಚಿ, ಹಾಗೇ ಕಣ್ಣು ಮುಚ್ಚಿದ. ನಾನು ಆಗಷ್ಟೇ ಪೊರಕೆ ಹಿಡಿದಿದ್ದೆ. ಏಳು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅವನ ಸುತ್ತಲೂ ಗುಡಿಸಿಕೊಂಡು ಹೋದೆ.